ನಾಲ್ಕು ಹತ್ತರ ಕೆಂಪು ಗೆರೆ

"ಮಷೀನು ಫೋನ್ ಮಾಡಿದ್ರೆ ನಾನು ಎತ್ತೋದೇ ಇಲ್ಲ, ಈಗ್ಲೇ ಹೇಳಿಬಿಡ್ತೀನಿ," ಎಂದ ಫೋನಿನಲ್ಲಿ ಗಡಿಯಾರದಂಗಡಿಯವನು.

ಪುಟ್ಟಿಗೆ ರೇಗಿತು. ಗಿರಾಕಿಗಳ ವೆಬ್‌ಸೈಟು ಬಿದ್ದ, ಅಂದರೆ ಕೆಟ್ಟು ನಿಂತ ಕೂಡಲೇ ಅವರಿಗೆ ಸುದ್ದಿ ಮುಟ್ಟಿಸುವುದು ಅಕ್ಕ ತಂಗಿಯರಿಬ್ಬರ ಕಸುಬು. ಇಷ್ಟು ದಿನ ಪರದೆಯಲ್ಲಿ ಕೆಂಪು ಕಂಡರೆ ಪುಟ್ಟಿಯೇ ಫೋನ್ ಮಾಡುತ್ತಿದ್ದಳು. ಇವತ್ತಿನಿಂದ ಮಷೀನೇ ಮಾತಾಡುತ್ತದೆ. ಆರು ತಿಂಗಳು ತಲೆ ಕೆಡಿಸಿಕೊಂಡು ಮಾಡಿದ್ದನ್ನು ಈ ಮನುಷ್ಯ ಒಂದೇ ಮಾತಿಗೆ ಬೇಡ ಅನ್ನುವುದೇ?

"ನಮ್ಮ ಮಷೀನಿಗೇನ್ರೀ ಕಡಿಮೆ?"

"ಅದು ಊಟ ಆಯ್ತಾ ಅಂತ ಕೇಳಲ್ವಲ್ಲ ಮೇಡಂ."

ಪುಟ್ಟಿಯ ಕಿವಿ ಬಿಸಿಯಾಯಿತು. ಫೋನಿಟ್ಟ ಮೇಲೂ ಆ ಮಾತು ಬಿಡಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ಅವಳಿಗೂ ಬೆಳಗ್ಗಿನಿಂದ ಅನ್ನಿಸುತ್ತಲೇ ಇತ್ತು. ಇನ್ನು ಮೇಲೆ ಅವನ ಜೊತೆ ಮಾತಾಡಲು ನೆಪವೇ ಇಲ್ಲ.

ಅಷ್ಟರಲ್ಲಿ ಅಕ್ಕ ಗೊಳ್ಳೆಂದು ನಕ್ಕಳು. "ಪುಟ್ಟೀ, ಬಾರೇ ಇಲ್ಲಿ! ಹೊಸ ರಿಪೋರ್ಟ್ ನೋಡು."

ಯಾವ ಸೈಟು ಎಷ್ಟು ಹೊತ್ತಿಗೆ ಬಿತ್ತು ಎಂದು ತೋರಿಸುವ ನಕ್ಷೆ ಅದು. ಬೇರೆಯವರ ಕೆಂಪು ಚುಕ್ಕೆಗಳು ಚೆಲ್ಲಿದ ಸಾಸಿವೆಯ ಹಾಗೆ ಅಲ್ಲೊಂದು ಇಲ್ಲೊಂದು. ಗಡಿಯಾರದವನದ್ದು ಮಾತ್ರ ನೆಟ್ಟಗೆ ಒಂದೇ ಗೆರೆ. ದಿನವೂ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ.

"ನೀನು ಜ್ವರ ಅಂತ ಮಲಗಿದ ಮೂರು ದಿನ ಬಿದ್ದೇ ಇಲ್ಲ ಕಣೇ," ಎಂದಳು ಅಕ್ಕ. "ಕೆಟ್ಟುಹೋಗೋ ಸೈಟು ಹೊತ್ತು ನೋಡ್ಕೊಂಡು ಕೆಡುತ್ತಾ? ಕಳ್ಳ, ತಾನೇ ಆಫ್ ಮಾಡ್ತಿದ್ದಾನೆ!"

ಪುಟ್ಟಿ ಗಂಟೆ ನೋಡಿದಳು: ನಾಲ್ಕಾಗಿ ಐದು ನಿಮಿಷ. ಚಪ್ಪಲಿ ಮೆಟ್ಟಿದವಳು ಎರಡು ಬೀದಿ ದಾಟಿ ಅವನ ಅಂಗಡಿ ಬಾಗಿಲಲ್ಲೇ ನಿಂತಳು.

ಗೋಡೆ ತುಂಬ ಗಡಿಯಾರ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಬೆರಳು ಮೌಸಿನ ಮೇಲಿತ್ತು.

"ಇನ್ನೂ ಒಂದು ನಿಮಿಷ ಇದೆ," ಎಂದಳು ಪುಟ್ಟಿ.

ಭೂತಗನ್ನಡಿ ಟಣ್ಣನೆ ಮೇಜಿನ ಮೇಲೆ ಬಿತ್ತು. ಅವನ ಮುಖ ಕೆಂಪಾಯಿತು.

"ನನ್ನ ನಂಬರ್ ಇತ್ತಲ್ರೀ? ಫೋನ್ ಮಾಡೋಕೆ ಏನಾಗಿತ್ತು?"

"ಮಾಡಿ ಏನು ಹೇಳ್ಲಿ ಮೇಡಂ? ನಿಮ್ಮ ದನಿ ಕೇಳ್ದೆ ದಿನ ಮುಗಿಯಲ್ಲ ಅಂತ ಹೇಳೋಕೆ ಧೈರ್ಯ ಬೇಕಲ್ಲ." ಅವನು ತಲೆಯೆತ್ತಿದ. "ಇವತ್ತು ಮಷೀನೇ ಮಾಡುತ್ತೆ ಅಂತ ಗೊತ್ತು. ಆದ್ರೂ ನೀವೇ ಮಾಡ್ತೀರೇನೋ ಅಂತ ಒಂದು ಆಸೆ."

ಹುಸಿಮುನಿಸು ಪುಟ್ಟಿಯ ತುಟಿಯಲ್ಲಿ ನಿಲ್ಲಲಿಲ್ಲ. "ನಾನೂ ದಿನಾ ನಾಲ್ಕು ಗಂಟೆಗೇ ನೀರು ಕುಡಿದು ಗಂಟಲು ಸರಿ ಮಾಡ್ಕೊಂಡು ಕೂರ್ತಿದ್ದೆ," ಎಂದಳು. "ಇವತ್ತು ಸೈಟು ಬೀಳದಿದ್ರೆ ಏನಪ್ಪಾ ಗತಿ ಅಂತ."

ಅವನು ಅವಳನ್ನು ನೋಡುತ್ತಲೇ ಉಳಿದ. ಗೋಡೆಯ ಮುಳ್ಳುಗಳೆಲ್ಲ ನಾಲ್ಕು ಹತ್ತಕ್ಕೆ ಬಂದವು. ಮೌಸು ಮುಟ್ಟುವುದು ಅವನಿಗೆ ಮರೆತೇ ಹೋಗಿತ್ತು.

ಪುಟ್ಟಿ ಕೀಬೋರ್ಡು ತನ್ನ ಕಡೆ ಎಳೆದುಕೊಂಡಳು. "ಇನ್ನೊಂದು ಹೊಸದಿದೆ, ನೋಡಿ. ಅಂಗಡಿಯವರೇ ಸೈಟು ನಿಲ್ಲಿಸೋ ಹೊತ್ತನ್ನ ಮೊದಲೇ ಬರೆದಿಟ್ರೆ ಮಷೀನು ತಲೆ ಹಾಕಲ್ಲ." ಟಪಟಪನೆ ತುಂಬಿದಳು: ಪ್ರತಿದಿನ, ನಾಲ್ಕು ಹತ್ತು. "ಎಷ್ಟು ಹೊತ್ತು ಅಂತ ಹಾಕ್ಲಿ?"

"ನೀವು ಎಷ್ಟು ಹೊತ್ತು ಇರ್ತೀರಿ?" ಎನ್ನುತ್ತ ಅವನು ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿಟ್ಟ.

ಪುಟ್ಟಿ ಕೂತು, ಒಂದು ಗಂಟೆ ಎಂದು ಬರೆದಳು. ಮತ್ತೆ ಅದನ್ನು ಅಳಿಸಿ ಎರಡು ಮಾಡಿದಳು.