ಏಳದ ಕೈ

ಆಸ್ಪತ್ರೆಯ ಅಳತೆಯ ಕೋಣೆಯಲ್ಲಿ, ರೋಗಿಗಳ ಮೈ ಅಳೆಯುವ ಕ್ಯಾಮೆರಾ ಚೂರುಚೂರಾಗಿ ಬಿದ್ದಿತ್ತು. ಬಾಗಿಲಿನ ಬೀಗ ಮಾತ್ರ ನೆಟ್ಟಗಿತ್ತು.

“ಒಡೆದವಳು ಅವಳೇ,” ಎಂದು ಸರ್ಜನ್ ಹೊರಗಿನ ಬೆಂಚಿನಲ್ಲಿದ್ದ ಟೈಲರ್ ಹೆಂಗಸಿನತ್ತ ಬೆರಳು ಮಾಡಿದ. “ತಂಗಿಯ ಆಪರೇಷನ್ ಕೆಟ್ಟಿತಲ್ಲ, ಆ ಸಿಟ್ಟು. ಅಗ್ಗದ ಕ್ಯಾಮೆರಾ, ತಪ್ಪು ಅಳತೆ ಕೊಡ್ತು. ನಾನೇನು ಮಾಡ್ಲಿ?”

ಆ ಕೊನೆಯ ಮಾತು ಕೇಳಿ, ತನಿಖೆಗೆ ಬಂದಿದ್ದ ಇನ್ಸ್‌ಪೆಕ್ಟರಮ್ಮನ ಮೈ ಉರಿಯಿತು. ಟೈಲರ್ ಹೆಂಗಸಿನ ತಂಗಿ ಕ್ಯಾನ್ಸರಿಗೆ ಎಡ ಮೊಲೆ ಕಳೆದುಕೊಂಡವಳು. ಅಲ್ಲಿ ಅಳತೆಗೆ ಮಾಡಿಸಿದ ಕೃತಕ ಮೊಲೆ ಕೂರಿಸಿದ್ದರು. ಅದು ಅವಳ ಮೈಗೆ ದೊಡ್ಡದಾಗಿ, ಹೊಲಿಗೆ ಬಿಚ್ಚಿ, ಕೀವು ತುಂಬಿ, ತೆಗೆದೂ ಆಗಿತ್ತು. ಈಗ ಮತ್ತೊಮ್ಮೆ ಕತ್ತರಿ ಕಾದಿತ್ತು.

*

ಕ್ಯಾಮೆರಾ ನೋಡಿಕೊಳ್ಳುವ ಟೆಕ್ನೀಷಿಯನ್ ಬೆವರುತ್ತಿದ್ದ.

“ಕೀಲಿ ಯಾರ ಹತ್ರ ಇರುತ್ತೆ?”

“ನನ್ ಹತ್ರ, ಸರ್ಜನ್ ಹತ್ರ. ಅಷ್ಟೇ ಮೇಡಂ.”

“ಹಾಗಾದ್ರೆ ನೀನೇ ಒಡೆದಿರಬೇಕು.”

“ಇವತ್ತು ಅದನ್ನ ಪರೀಕ್ಷೆಗೆ ಕಳಿಸೋದಿತ್ತು. ಸರಿ ಇದೆ ಅಂತ ಬಂದಿದ್ರೆ ನನ್ ಕೆಲ್ಸ ಉಳೀತಿತ್ತು. ನನ್ ಕಾಲ್ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೋತೀನಾ? ಆಪರೇಷನ್ ಆದ ವಾರ ನಾನು ರಜೆ. ಅಳತೆ ತಗೊಂಡೆ ಅಂದಿದ್ದು ಸರ್ಜನ್ನೇ.”

ಅವನು ಫೈಲಿನಿಂದ ಆ ಅಳತೆಯ ಚಿತ್ರ ತೆಗೆದುಕೊಟ್ಟ. ತಲೆಯಿಲ್ಲದ ಬೂದು ಬಣ್ಣದ ಮೈ, ಎಡ ಎದೆ ಚಪ್ಪಟೆ, ಎರಡೂ ಕೈ ಹೆಗಲೆತ್ತರಕ್ಕೆ ಚಾಚಿದ್ದವು. ಕೆಳಗೆ ತಂಗಿಯ ಹೆಸರು, ಆಪರೇಷನ್ನಿನ ಹಿಂದಿನ ದಿನದ ತಾರೀಖು.

*

ವಾರ್ಡಿನಲ್ಲಿ ಅಕ್ಕ ತಂಗಿಗೆ ಅಂಗಿ ತೊಡಿಸುತ್ತಿದ್ದಳು. ಗುಂಡಿಗಳೆಲ್ಲ ಮುಂದೆ.

“ನೀವೇ ಹೊಲಿದಿದ್ದಾ?”

“ಹೂಂ. ಕ್ಯಾನ್ಸರ್ ಆಪರೇಷನ್ ಆದಾಗಿಂದ ಇವಳ ಎಡಗೈ ಹೆಗಲ ತನಕ ಏಳಲ್ಲ. ತಲೆ ಮೇಲಿಂದ ಹಾಕೋ ಅಂಗಿ ಆಗಲ್ಲ.”

ಇನ್ಸ್‌ಪೆಕ್ಟರಮ್ಮ ಮತ್ತೆ ಚಿತ್ರ ನೋಡಿದಳು.

“ನನ್ನನ್ನ ಕ್ಯಾಮೆರಾ ಮುಂದೆ ನಿಲ್ಲಿಸಲೇ ಇಲ್ಲ,” ಎಂದಳು ತಂಗಿ. “ಮಂಪರಲ್ಲಿ ಮರೆತಿದೀಯ ಅಂದ್ರು. ಯಾರೂ ನಂಬಲಿಲ್ಲ.”

“ನಾನು ನಂಬ್ತೀನಮ್ಮ.”

*

“ಈ ಕೈ ಇವಳದಲ್ಲ,” ಎಂದು ಇನ್ಸ್‌ಪೆಕ್ಟರಮ್ಮ ಚಿತ್ರವನ್ನು ಸರ್ಜನ್ ಮುಂದೆ ಕುಕ್ಕಿದಳು. “ಬೇರೆ ಯಾರದೋ ಮೈಗೆ ಇವಳ ಹೆಸರು ಹಾಕಿದ್ರಿ. ಕ್ಯಾಮೆರಾ ಪರೀಕ್ಷೆಗೆ ಹೋಗಿ ಸರಿ ಇದೆ ಅಂತ ಬಂದಿದ್ರೆ ತಪ್ಪು ನಿಮ್ಮ ತಲೆಗೇ ಬರ್ತಿತ್ತು. ಅದಕ್ಕೇ ಒಡೆದ್ರಿ. ಬೀಗ ಮುರಿದಿಲ್ಲ, ಕೀಲಿ ಇರೋದು ಎರಡೇ. ಇನ್ನೊಬ್ಬನಿಗೆ ಅದು ಉಳಿದ್ರೇ ಲಾಭ.”

ಸರ್ಜನ್ ಚಿತ್ರವನ್ನು ಮಗುಚಿಟ್ಟ. “ದಿನಕ್ಕೆ ಎಂಟು ಆಪರೇಷನ್,” ಎಂದ. “ಅಳೆಯೋಕೆ ಅರ್ಧ ಗಂಟೆ ಬೇಕು. ಹೆಚ್ಚುಕಮ್ಮಿ ಅದೇ ಮೈಕಟ್ಟು ಅಂದ್ಕೊಂಡೆ.”

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ನಾನು ಬರೀ ಅಂಗಿ ಹೊಲಿಯೋಳು ಡಾಕ್ಟ್ರೇ,” ಎಂದಳು. “ಕೆಟ್ರೆ ಬಿಚ್ಚಿ ಮತ್ತೆ ಹೊಲೀಬಹುದು. ಆದ್ರೂ ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಿಲ್ಲ.”