ಮನೆಗೆ ಹೋಗಿ ಬನ್ನಿ

“ಮನೆಗೆ ಹೋಗಿ ಬನ್ನಿ.”

ಪರದೆಯ ಮೇಲೆ ಮೂಡಿದ ಸಾಲು ನೋಡಿ ಭಾಗ್ಯಜ್ಯೋತಿಯ ಬೆರಳುಗಳು ಕೀಲಿಮಣೆಯ ಮೇಲೇ ತಣ್ಣಗಾದವು.

ಅವಳು ಬರೆದದ್ದು ‘ಮನೆಗೆ ಹೋಗಿ’ ಎಂದಷ್ಟೇ. ‘ಬನ್ನಿ’ ಎಂದವರು ಯಾರು?!

2006ರ ಮಾರ್ಚ್. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ಅಂಗಡಿಯ ಮೇಲಿದ್ದ ಪುಟ್ಟ ಸಾಫ್ಟ್‌ವೇರ್ ಕಚೇರಿ. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಭಾಗ್ಯಜ್ಯೋತಿ, ಒಂದು ನರ್ಸಿಂಗ್ ಹೋಮಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಗುಣವಾಗಿ ಹೊರಡುವ ರೋಗಿಗೆ ಕೊಡುವ ಚೀಟಿಯ ಕೊನೆಯ ಸಾಲು ಅದು.

“ನಿದ್ದೆಗಣ್ಣಲ್ಲಿ ನೀನೇ ಬರ್ದಿರ್ತೀಯ ಕಣೇ,” ಪಕ್ಕದ ಮೇಜಿನ ಪ್ರಿಯಾಂಕಾ ನಕ್ಕಳು.

ಇಲ್ಲ... ಬರೆದಿರಲಿಲ್ಲ. ತಾನು ಬರೆದ ಮೂಲ ಪ್ರೋಗ್ರಾಂನಲ್ಲಿ ಹುಡುಕಿದಳು. ಅದು ಕಂಪೈಲ್ ಆಗಿ, ಯಂತ್ರ ಓದುವ ರೂಪಕ್ಕೆ ಇಳಿದ ಕಡತವನ್ನೇ ಬಿಚ್ಚಿ ನೋಡಿದಳು. ಎಲ್ಲೂ ‘ಬನ್ನಿ’ ಇಲ್ಲ! ಅದೇ ಕಡತವನ್ನು ಪ್ರಿಯಾಂಕಾಳ ಕಂಪ್ಯೂಟರಿನಲ್ಲಿ ಓಡಿಸಿದರೆ ‘ಮನೆಗೆ ಹೋಗಿ’. ತನ್ನದರಲ್ಲಿ ಓಡಿಸಿದರೆ ಮಾತ್ರ...

ತನ್ನದು? ಅಲ್ಲ. ಅದು ಶಿವರಾಮನ ಕಂಪ್ಯೂಟರ್.

ಅವಳು ಸೇರಿದ ದಿನವೇ, ಚಹಾ-ಕಾಫಿ ಕೊಡುವ ಅಣ್ಣಮ್ಮ ಆ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು ಕಣ್ಣೊರೆಸಿಕೊಂಡಿದ್ದಳು. “ಶಿವರಾಮಪ್ಪನ ಜಾಗ ಕಣವ್ವ. ಹೋಗ್ಬುಟ್ರು... ಬಂಗಾರದಂಥ ಮನುಸ. ಕಾಫಿ ಇಡದೆ ಇರಕ್ಕೆ ನನ್ನ ಕೈ ಕೇಳಾಕಿಲ್ಲ.”

ಅಂದಿನಿಂದ ದಿನವೂ ಅವಳ ಪಕ್ಕದಲ್ಲಿ ಯಾರೂ ಕುಡಿಯದ ಒಂದು ಲೋಟ ಆರುತ್ತಿತ್ತು. ಸತ್ತವರ ಬಗ್ಗೆ ಕೆದಕಿ ಕೇಳಬಾರದೆಂದು ಭಾಗ್ಯಜ್ಯೋತಿ ಮತ್ತೇನೂ ಕೇಳಲಿಲ್ಲ.

ಆದರೆ ಅವನನ್ನು ಓದಿದಳು. ಮದುವೆ ಛತ್ರವೊಂದರ ಬುಕಿಂಗಿಗೆಂದು ಅವನು ಬರೆದ ಹಳೆಯ ಪ್ರೋಗ್ರಾಂಗಳ ನಡುನಡುವೆ ಟಿಪ್ಪಣಿಗಳಿದ್ದವು. ‘ಛತ್ರ ಕೇಳೋಕೆ ಬರೋರು ಗಾಬರಿಯಲ್ಲಿರ್ತಾರೆ, ಹೆಚ್ಚು ಪ್ರಶ್ನೆ ಬೇಡ.’ ಅಂಥ ಮಾತುಗಳು ಕಂಪೈಲ್ ಆಗುವಾಗ ಉದುರಿಹೋಗುತ್ತವೆ, ಯಂತ್ರಕ್ಕೂ ಕಾಣುವುದಿಲ್ಲ. ಆ ಧೈರ್ಯದಲ್ಲೇ ಅವಳು ಒಂದೊಂದರ ಕೆಳಗೂ ಉತ್ತರ ಬರೆದು ‘ಜ್ಯೋತಿ’ ಎಂದು ಸಹಿ ಹಾಕತೊಡಗಿದ್ದಳು. ಮೊದಲು ತಮಾಷೆಗೆ... ಆಮೇಲೆ ತಮಾಷೆಗಲ್ಲ.

ಈಗ ಅವನು ಮಾತಾಡುತ್ತಿದ್ದಾನೆಯೇ? ‘ಇವತ್ತು ನಾ ಬರದದ್ದನ್ನ, ಸತ್ತವರು ಹೆಂಗ ತಿದ್ದತಾರ?!’

ಪರೀಕ್ಷಿಸಲು ಹೊಸದೊಂದು ಪುಟ್ಟ ಪ್ರೋಗ್ರಾಂ ಬರೆದಳು. ಅದರಲ್ಲಿದ್ದದ್ದು ಒಂದೇ ಸಾಲು: ‘ಬಿಟ್ಟು ಹೋಗಿ.’

ಪರದೆ ಹೇಳಿತು: ‘ಬಿಟ್ಟು ಹೋಗಿ ಬನ್ನಿ.’

ಪಕ್ಕದಲ್ಲಿ ಕಾಫಿ ಇನ್ನೂ ಹಬೆಯಾಡುತ್ತಿತ್ತು.

ಕಚೇರಿಯ ಮಾಲೀಕ ಶಾಮಣ್ಣ ಚೀಟಿ ನೋಡಿ ಹಣೆ ಚಚ್ಚಿಕೊಂಡರು.

“ಏನಮ್ಮ, ಆಸ್ಪತ್ರೆ ಬಿಟ್ಟು ಹೊರಡೋರಿಗೆ ಯಾರಾದ್ರೂ ‘ಹೋಗಿ ಬನ್ನಿ’ ಅಂತಾರಾ? ಮತ್ತೆ ಬಂದು ಮಲ್ಕೊಳ್ಳಿ ಅಂದಂಗಾಯ್ತು! ನಾಳೆ ಈ ಕಂಪ್ಯೂಟರ್ ಅಲ್ಲಿಗೆ ಹೋಗ್ಬೇಕು. ಯಾರನ್ನಾದ್ರೂ ಕೇಳಿ ನೋಡ್ತೀನಿ. ಸರಿಹೋಗ್ಲಿಲ್ವಾ, ಸಂಜೆ ಅದರಲ್ಲಿರೋದನ್ನೆಲ್ಲ ಪೂರ್ತಿ ಅಳಿಸ್ಬಿಡು.”

ಪೂರ್ತಿ?! ಅವನದೆಂದು ಉಳಿದದ್ದು ಆ ಯಂತ್ರವೊಂದೇ. ಅವನ ಮಾತುಗಳು, ಅವುಗಳ ಕೆಳಗೆ ತನ್ನ ಮಾತುಗಳು... ಒಮ್ಮೆ ಸತ್ತವನನ್ನು ತನ್ನ ಕೈಯಾರೆ ಮತ್ತೊಮ್ಮೆ...

ಸಂಜೆಯಾಯಿತು. ಪ್ರಿಯಾಂಕಾ ಹೊರಟಳು. ಭಾಗ್ಯಜ್ಯೋತಿ ಕೈಕಟ್ಟಿ ಕುಳಿತೇ ಇದ್ದಳು. ಮುಟ್ಟುವವರಿಲ್ಲದೆ ಪರದೆ ಕಪ್ಪಾಯಿತು.

“ಅಳಸ್ಲೇನ್ರಿ?” ಪಿಸುಗುಟ್ಟಿದಳು. “ಒಂದ್ಸಲ ಹೇಳ್ರಿ... ಇಲ್ಲೇ ಅದೀರೇನ್ರಿ?”

ಕಪ್ಪು ಗಾಜಿನಲ್ಲಿ ಅವಳ ಮುಖ. ಅದರ ಹಿಂದೆ... ಇನ್ನೊಂದು ಮುಖ!

“ಇದ್ದೀನಿ.”

ಅವಳು ಚೀರಿ ಹಿಂದೆ ಸರಿದ ರಭಸಕ್ಕೆ ಕಾಫಿ ಲೋಟ ಉರುಳಿತು.

ಹೆಲ್ಮೆಟ್ ಹಿಡಿದು ನಿಂತಿದ್ದ ಯುವಕ ಅವಳಿಗಿಂತ ಹೆಚ್ಚು ಬೆದರಿದ್ದ. “ಮೇಡಂ, ಮೇಡಂ! ನಾನು ಶಿವರಾಮ್. ಪುಟ್ಟೇನಹಳ್ಳಿಯಿಂದ ಬಂದೆ. ಶಾಮಣ್ಣ ಫೋನ್ ಮಾಡಿದ್ರು...”

“ನೀವು... ಹೋಗ್ಬಿಟ್ರಿ ಅಂದ್ರಲ್ರಿ!”

“ಕೆಲಸ ಬಿಟ್ಟು ಹೋದೆ. ಅಲ್ಲೇ ಸ್ವಂತ ಆಫೀಸ್ ಮಾಡ್ಕೊಂಡೆ.” ಅವಳ ಕಣ್ಣೀರು ಕಂಡು ಅವನ ನಗು ಅರ್ಧಕ್ಕೇ ನಿಂತಿತು. “ಯಾಕೆ... ನೀವೇನು ಅಂದ್ಕೊಂಡಿದ್ರಿ?”

ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. ಅವನು ಕೀಲಿಮಣೆ ಎಳೆದುಕೊಂಡ.

“ಛತ್ರದ ಬುಕಿಂಗ್ ನಾನೇ ಬರೆದೆ. ಚೀಟಿ ಕೊಡೋ ಪ್ರೋಗ್ರಾಂ ಮಾತ್ರ ಬೇರೆಯವರಿಂದ ಕೊಂಡದ್ದು, ಮೂಲ ನಮ್ಮತ್ರ ಇರ್ಲಿಲ್ಲ. ಬಂದೋರಿಗೆಲ್ಲ ‘ಹೋಗಿ’ ಅಂತಿತ್ತು. ಮದುವೆಮನೇಲಿ ಹಂಗಂತಾರಾ? ಅದಕ್ಕೇ ಹೊಸ್ತಿಲಲ್ಲಿ ಒಬ್ಬ ಕಾವಲುಗಾರನ್ನ ನಿಲ್ಲಿಸ್ದೆ, ಅದೂ ಒಂದು ಪುಟ್ಟ ಪ್ರೋಗ್ರಾಂ. ಕಡತ ಮುಟ್ಟಲ್ಲ. ಈ ಕಂಪ್ಯೂಟರಲ್ಲಿ ಯಾವ ಪ್ರೋಗ್ರಾಂ ಓಡಿದ್ರೂ, ಅದು ಮೆಮೊರಿಗೆ ಬರೋ ಹೊತ್ತಲ್ಲಿ, ‘ಹೋಗಿ’ ಅಂತ ಮುಗಿಯೋ ಮಾತಿಗೆಲ್ಲ ‘ಬನ್ನಿ’ ಸೇರಿಸ್ತಾನೆ. ತೆಗೆಯೋಕೆ ಮರೆತೆ, ಸಾರಿ.”

ಕಾವಲುಗಾರನನ್ನು ತೆಗೆದ. ಅವಳ ಚೀಟಿ ಓಡಿಸಿದ.

‘ಮನೆಗೆ ಹೋಗಿ.’

ಎಷ್ಟು ಸರಿಯಾದ ಸಾಲು... ಎಷ್ಟು ಖಾಲಿ!

“ನನ್ನ ಹಳೇ ಪ್ರೋಗ್ರಾಂ ಎಲ್ಲ ಹೋಗೋ ಮುಂಚೆ ಒಂದ್ಸಲ ನೋಡ್ಲಾ?”

“ಬ್ಯಾಡ್ರಿ!” ಅವಳು ಕೈ ಚಾಚುವಷ್ಟರಲ್ಲಿ ಅವನು ತೆರೆದಿದ್ದ.

ಓದಿದ. ಕೆಳಗೆ ಸರಿಸಿದ. ಓದಿದ. ಅವನ ಕಿವಿ ಕೆಂಪಾಯಿತು. ಕೊನೆಯ ಟಿಪ್ಪಣಿಯ ಕೆಳಗೆ ಹೀಗಿತ್ತು: ‘ನೀವು ಬದುಕಿದ್ದಿದ್ರ, ನಾ ನಿಮ್ಮನ್ನ ಹುಡುಕ್ಕೊಂಡು ಬರ್ತಿದ್ದೆ.’

ಅವಳು ಮುಖ ಮುಚ್ಚಿಕೊಂಡಳು.

“ಇವನ್ನ ಯಾರೂ ಓದಲ್ಲ ಅಂತಾನೇ ಬರೀತಿದ್ದೆ,” ಅವನ ದನಿ ತಗ್ಗಿತ್ತು. “ಉತ್ತರ ಬರುತ್ತೆ ಅಂತ ಗೊತ್ತಿದ್ರೆ... ಬಿಟ್ಟು ಹೋಗ್ತಿರ್ಲಿಲ್ಲ.”

ಆ ಕಡತಗಳನ್ನು ಸಿ.ಡಿ.ಗೆ ಇಳಿಸಿ ಜೇಬಿಗೆ ಹಾಕಿಕೊಂಡ. ಹೆಲ್ಮೆಟ್ ಎತ್ತಿಕೊಂಡು ಬಾಗಿಲಲ್ಲಿ ತಿರುಗಿದ.

“ಸರಿ... ಹೋಗ್ತೀನಿ.”

“ಹಂಗನ್ನಬ್ಯಾಡ್ರಿ!” ಅವಳು ಎದ್ದು ನಿಂತಳು. “ಒಂದ್ಸಲ ‘ಹೋದ್ರು’ ಅಂತ ಕೇಳಿ ಸಾಕಾಗೇತಿ.”

“ಮತ್ತೆ ಏನನ್ಲಿ?”

“ಕಾವಲುಗಾರನ್ನ ತೆಗದ್ರಲ್ರಿ... ಈಗ ನೀವೇ ಹೇಳ್ಬೇಕು.”

ಶಿವರಾಮ್ ನಕ್ಕ. ಉರುಳಿದ ಲೋಟವನ್ನು ಎತ್ತಿ ಮೇಜಿನ ಮೇಲೆ ನೇರವಾಗಿಟ್ಟ.

“ನಾಳೆ ಅಣ್ಣಮ್ಮ ಕಾಫಿ ಇಡೋ ಹೊತ್ತಿಗೆ... ಬರ್ತೀನಿ, ಜ್ಯೋತಿ.”

“ಹೋಗಿ,” ಎಂದಳು ಅವಳು. ಉಳಿದ ಮಾತು ಕಣ್ಣೀರಿನ ನಗೆಯ ಜೊತೆ ಬಂತು. “...ಬರ್ರಿ.”