ಬಾಯಿ ಮುಚ್ಚಿದರೆ ಔಟ್

"ಕಬಡ್ಡಿ ಅಂದ್ರ ಅಕ್ಕೋಳ ಧರೆಪ್ಪನ್ರಿ ಮೇಡಂ. ಉಳಿದವರೆಲ್ಲಾ ಸುಮ್ನ ಗೆರಿ ಮುಟ್ಟಿ ಬಂದಾವ್ರು!"

ಅಮೋಲ ಸರ ಇಷ್ಟು ಅಂದರೆ ಸಾಕು, ಸ್ನೇಹಲಳ ಚಹಾ ಆರಿತೆಂದೇ ಲೆಕ್ಕ. ಚಿಕ್ಕೋಡಿಯ ಆ ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಟೀಚರು, ಅವನು ವಿಜ್ಞಾನದ ಮಾಸ್ತರ. ಹಿಂದಿನ ಕಾಲದ ಕಬಡ್ಡಿಯಲ್ಲಿ ಯಾರು ದೊಡ್ಡವರು ಎಂಬ ಜಗಳ ಇಬ್ಬರಿಗೂ ದಿನಾ ಬೇಕು. ಅಕ್ಕೋಳ ಊರಿನ ಧರೆಪ್ಪ ಅವನ ಸೋದರಮಾವ. ಆ ಧರೆಪ್ಪನನ್ನೇ ಹಿಡಿದು ಕೆಡವಿದ ಶೇಡಬಾಳದ ದಾದಾಸಾಹೇಬ ಇವಳಪ್ಪ.

"ನಮ್ಮಪ್ಪನ ಪಕಡ ನೋಡೀರೇನ್ರಿ? ಕೈಗೆ ಸಿಕ್ಕರ ಮುಗೀತು!"

"ಹಿಡ್ಯಾವ್ರದೇನೈತ್ರಿ? ನಿಂತಲ್ಲೇ ಕಾಯೋದು."

"ಕಾಯೋದ ಕಠಿಣ್ರಿ ಸರ," ಎಂದು ಸ್ನೇಹಲ ಬೇಕಂತಲೇ ಅವನ ಕಣ್ಣಲ್ಲಿ ಕಣ್ಣಿಟ್ಟಳು. ಅವನ ಬಿಸ್ಕೀಟು ಮುರಿದು ಚಹಾದಲ್ಲಿ ಮುಳುಗಿತು. ಅದೂ ಅವನಿಗೆ ಗೊತ್ತಾಗಲಿಲ್ಲ.

ಅಯ್ಯೋ ಪುಣ್ಯಾತ್ಮ! ಧರೆಪ್ಪನ ಸುದ್ದಿ ಬಂದರೆ ಬಾಯಿಗೆ ಲಗಾಮಿಲ್ಲ, ಮನಸ್ಸಿನ ಮಾತು ಬಂದರೆ ಬಾಯಿಗೆ ಬೀಗ. ಅವನಿಗೆ ತನ್ನ ಮೇಲೆ ಜೀವವೆಂದು ಅವಳಿಗೆ ಗೊತ್ತು. ಅವಳಿಗೂ ಅಷ್ಟೇ. ಮೊದಲು ಅವನೇ ಹೇಳಲಿ ಎಂಬ ಹಟಕ್ಕೆ ಮಾತ್ರ ಇನ್ನು ಹೊತ್ತಿರಲಿಲ್ಲ.

"ನಾಳೆ ಸಾಂಗಲಿಯಿಂದ ನನ್ನ ನೋಡಾಕ ಬರಾಕತ್ತಾರ್ರಿ."

ಅವನ ಮುಖ ಬಿಳಿಚಿತು. "ಹೌದ್ರಿ? ಛಲೋ ಆತಲ್ರಿ."

ಛಲೋ ಅಂತೆ! ಅವಳಿಗೆ ಮೈಯೆಲ್ಲ ಉರಿಯಿತು. "ಸರ, ಕಬಡ್ಡಿ ಕಬಡ್ಡಿ ಅನ್ನೂದ ಬಿಟ್ಟು ಸುಮ್ಮನಾದವ ಏನಾಗ್ತಾನ್ರಿ?"

"ಔಟ್ ಆಗ್ತಾನ್ರಿ."

"ಗೊತ್ತೈತಲ್ಲ! ಗೆರಿ ದಾಟಿ ಬರದವನ್ನ ಯಾರೂ ಹಿಡ್ಯಾಕ ಬರಂಗಿಲ್ರಿ." ಕಣ್ಣು ತುಂಬಿದ್ದು ಅವನಿಗೆ ಕಾಣುವ ಮೊದಲೇ ಅವಳು ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ಶೇಡಬಾಳದ ಮನೆಯಲ್ಲಿ ಅವ್ವ ಜಿನಮತಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ಬೈಕು ನಿಂತ ಸದ್ದಾಯಿತು. ಸ್ನೇಹಲ ಕಿಟಕಿಗೆ ಓಡಿದಳು. ಬಾಗಿಲ ರಂಗೋಲಿಯಾಚೆ ಅಮೋಲ ಬೆವರುತ್ತ ನಿಂತಿದ್ದ.

"ಯಾರಪಾ ನೀ?" ಕಟ್ಟೆಯ ಮೇಲಿದ್ದ ದಾದಾಸಾಹೇಬರು ಕೇಳಿದರು.

"ಅಕ್ಕೋಳ ಧರೆಪ್ಪನ ಅಳಿಯಾರಿ."

"ಅವಗ ಮಗಳ ಇಲ್ಲಲ್ಲೋ, ಅಳಿಯಾ ಎಲ್ಲಿಂದ ಬಂದಿ?"

ಅಮೋಲ ಉಸಿರು ಎಳೆದುಕೊಂಡ. ರಂಗೋಲಿ ದಾಟಿ ಒಂದೇ ದಮ್ಮಿಗೆ ಅಂದುಬಿಟ್ಟ: "ಅವನ ಅಕ್ಕನ ಮಗಾರಿ ಹಂಗಾಗಿ ಅವನ ಅಳಿಯಾ ಸ್ನೇಹಲನ ಮ್ಯಾಲೆ ಜೀವ ಐತ್ರಿ ಹಂಗಾಗಿ ನಿಮಗೂ ಅಳಿಯಾ ಆಗ್ಬೇಕಂತ ಬಂದೇನ್ರಿ!"

ದಾದಾಸಾಹೇಬರ ಕೈ ಮುಂದೆ ಬಂತು, ಅವನ ಮುಂಗೈ ಗಪ್ಪನೆ ಸಿಕ್ಕಿಬಿತ್ತು. "ಖರೇ ಹೇಳು. ಧರೆಪ್ಪ ದೊಡ್ಡಾವನೋ, ನಾನೋ?"

ಅಮೋಲ ಕಿಟಕಿಯತ್ತ ನೋಡಿದ. "ನೀವ್ರಿ. ಕಾಯೋದ ಕಠಿಣ್ರಿ."

ಮುದುಕರು ಹೊಟ್ಟೆ ಹಿಡಿದು ನಕ್ಕರೂ ಹಿಡಿದ ಕೈ ಬಿಡಲಿಲ್ಲ. "ಸ್ನೇಹಲ, ಬಾ ಬೇ! ಧರೆಪ್ಪನ ಅಳಿಯಾ ಸಿಕ್ಕಾನ. ಸಾಂಗಲಿಯವರಿಗೆ ಬರಬ್ಯಾಡ್ರಿ ಅಂತ ಫೋನ್ ಹಚ್ಚಲ್ಯೋ, ಇವನ್ನ ಬಿಡಲ್ಯೋ?"

ಸ್ನೇಹಲ ಅಳುತ್ತ ನಗುತ್ತ ಹೊಸ್ತಿಲಿಗೆ ಬಂದು ನಿಂತಳು.

"ಗಟ್ಟಿ ಹಿಡೀರಿ ಅಪ್ಪಾ," ಎಂದಳು. "ಬಿಡಬ್ಯಾಡ್ರಿ."